ಎರಡು ಡೆಕ್ಕಿನ ವಿದ್ಯುತ್ ಓವನ್: ರಾಮನಗರ ಸೀಮೆಯ ಬೇಕರಿಗಳಲ್ಲಿ

ಒಂದರ ಮೇಲೊಂದು ಕೂತ ಎರಡು ಗೂಡುಗಳಿದ್ದು, ಪ್ರತಿ ಗೂಡಿಗೂ ಪ್ರತ್ಯೇಕ ಬಾಗಿಲು, ಹೀಟರ್ ಮತ್ತು ಥರ್ಮೋಸ್ಟಾಟ್ ಇರುವ ಬೇಕಿಂಗ್ ಒಲೆಯೇ ಎರಡು ಡೆಕ್ಕಿನ ಓವನ್. ಬೇಕರಿಯವರ ಬಾಯಲ್ಲಿ ಇದು 'ಡಬಲ್ ಡೆಕ್' ಅಥವಾ ಬರೀ 'ಡೆಕ್'. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಪಟ್ಟಣಗಳ ಬೇಕರಿಗಳಲ್ಲಿ ಸೌದೆ ಭಟ್ಟಿಯ ಜಾಗಕ್ಕೆ ಬಂದಿರುವ ಸಾಧನಗಳಲ್ಲಿ ಇದೂ ಒಂದು. ಈ ನಾಲ್ಕೂ ಪಟ್ಟಣಗಳ ತಾಲ್ಲೂಕುಗಳು 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ ಸೇರಿದವು. ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರಾಯಿತು. ಇಲ್ಲಿಗೆ ವಿದ್ಯುತ್ ಪೂರೈಸುವುದು ಬೆಸ್ಕಾಂ.

ಹಿನ್ನೆಲೆ: ಭಟ್ಟಿಯ ಕಾವು

ಹಳೆ ಮೈಸೂರು ಸೀಮೆಯ ಬೇಕರಿ ಕಸುಬಿನ ಮೂಲವನ್ನು ಸಾಮಾನ್ಯವಾಗಿ ಹಾಸನ ಕಡೆಯ ಅಯ್ಯಂಗಾರರಲ್ಲಿ ಗುರುತಿಸಲಾಗುತ್ತದೆ. ಎಚ್. ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಆರಂಭಿಸಿದ ಬಿ. ಬಿ. ಬೇಕರಿಯನ್ನು ಈ ಪರಂಪರೆಯ ಮೊದಲ ಅಂಗಡಿ ಎನ್ನುವುದು ವಾಡಿಕೆ. ಖಾರಾ ಬನ್, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್, ರಸ್ಕ್, ಆ್ಯಪಲ್ ಕೇಕ್ ಎಲ್ಲವೂ ಬಹುಕಾಲ ಬೆಂದದ್ದು ಇಟ್ಟಿಗೆ ಭಟ್ಟಿಯಲ್ಲೇ. ಮೈಸೂರು ಸಂಸ್ಥಾನಕ್ಕೆ ವಿದ್ಯುತ್ ಬೇಗ ಬಂತು: ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ತಲುಪಿತು. ಆದರೆ ದೀಪ ಉರಿಸುವಷ್ಟು ವಿದ್ಯುತ್ತಿಗೂ ಬ್ರೆಡ್ಡು ಬೇಯಿಸುವಷ್ಟು ವಿದ್ಯುತ್ತಿಗೂ ಬಹಳ ಅಂತರವಿದೆ. ಹೀಗಾಗಿ ಬೇಕರಿಗಳು ಸೌದೆಯನ್ನೇ ನಂಬಿ ದಶಕಗಳನ್ನು ಕಳೆದವು.

ಭಟ್ಟಿಯ ಕೆಲಸದ ರೀತಿ ತಿಳಿಯದೆ ಡೆಕ್ ಓವನ್ನಿನ ಗುಣದೋಷ ತಿಳಿಯುವುದಿಲ್ಲ. ತಗ್ಗು ಕಮಾನಿನ ಇಟ್ಟಿಗೆ ಗೂಡಿನ ಒಳಗೇ ಸೌದೆ ಹೊತ್ತಿಸಿ, ಗೋಡೆ ಮತ್ತು ನೆಲ ಕಾವು ಕುಡಿಯುವವರೆಗೆ ಉರಿಸುತ್ತಾರೆ. ಆಮೇಲೆ ಕೆಂಡವನ್ನು ಎಳೆದು, ಕೋಲಿಗೆ ಕಟ್ಟಿದ ಒದ್ದೆ ಗೋಣಿಯಿಂದ ನೆಲ ಒರೆಸಿ, ಒಂದು ಹಿಡಿ ಮೈದಾ ಎರಚಿ ನೋಡುತ್ತಾರೆ. ಹಿಟ್ಟು ತಕ್ಷಣ ಕಪ್ಪಾದರೆ ಕಾವು ಹೆಚ್ಚು, ಕಾಯಬೇಕು. ನಿಧಾನಕ್ಕೆ ಹೊಂಬಣ್ಣಕ್ಕೆ ತಿರುಗಿದರೆ ಉದ್ದ ಹಿಡಿಯ ಹಲಗೆಯಲ್ಲಿ ಬ್ರೆಡ್ಡಿನ ಅಚ್ಚುಗಳು ಒಳಗೆ ಹೋಗುತ್ತವೆ. ಅಲ್ಲಿಂದ ಮುಂದೆ ಕಾವು ಇಳಿಯುತ್ತಲೇ ಹೋಗುತ್ತದೆ, ಬೇಯಿಸುವ ಸರದಿಯೂ ಅದರ ಹಿಂದೆಯೇ ಸಾಗುತ್ತದೆ: ಮೊದಲು ಬ್ರೆಡ್ಡು ಮತ್ತು ಬನ್ನು, ನಂತರ ಕೇಕು, ಬಿಸ್ಕತ್ತು, ಕಡೆಗೆ ಉಳಿದ ಬಿಸಿಯಲ್ಲಿ ಒಣಗಲು ರಸ್ಕ್. ಒಂದೇ ಉರಿಯಲ್ಲಿ ದಿನದ ಸರಕೆಲ್ಲ ಮುಗಿಯುತ್ತದೆ. ಇಷ್ಟು ಅಚ್ಚುಕಟ್ಟಾಗಿ ಕಾವನ್ನು ದುಡಿಸಿಕೊಂಡ ವ್ಯವಸ್ಥೆಗಳು ವಿರಳ.

ಭಟ್ಟಿಯ ಮಿತಿಯೂ ಇದರಲ್ಲೇ ಇದೆ. ಸಂಜೆ ನಾಲ್ಕಕ್ಕೆ ಬನ್ನು ಖಾಲಿಯಾದರೆ ಮತ್ತೆ ಬನ್ನಿನ ಕಾವು ಸಿಗುವುದಿಲ್ಲ, ಇನ್ನೊಮ್ಮೆ ಉರಿ ಹಾಕಬೇಕು. ಎರಡು ಡೆಕ್ಕಿನ ಓವನ್ ಬಿಡಿಸಿದ್ದು ಈ ಗಂಟನ್ನು. ಮೇಲಿನ ಗೂಡಿನಲ್ಲಿ 210 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬನ್ನು ಬೇಯುತ್ತಿರುವಾಗಲೇ ಕೆಳಗಿನದರಲ್ಲಿ 170ರಲ್ಲಿ ಕೇಕು ಇಡಬಹುದು. ಬೇಡವಾದರೆ ಒಂದನ್ನು ಆರಿಸಿಯೇ ಇಡಬಹುದು. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ರಾಮನಗರ, ಚನ್ನಪಟ್ಟಣಗಳ ಪೇಟೆಯನ್ನು ಬಳಸಿಕೊಂಡು ಹೊರಗಿನಿಂದ ಹೋಗುತ್ತದೆ. ಹೀಗಾಗಿ ದಾರಿಹೋಕ ಗಿರಾಕಿಗಳನ್ನು ನೆಚ್ಚದೆ ಊರಿನವರಿಗಾಗಿ ಸ್ವಲ್ಪ ಸ್ವಲ್ಪವೇ ಬೇಯಿಸುವ ಅಂಗಡಿಗೆ, ಬೇಕಾದಾಗ ಬೇಕಾದ ಕಾವು ಸಿಗುವ ಈ ಅನುಕೂಲ ಸಣ್ಣದಲ್ಲ.

ಸೌದೆಯ ಕಾರಣವೂ ಸೇರಿಕೊಂಡಿದೆ. ರೇಷ್ಮೆಗೂಡು ಬೇಯಿಸುವ ನೂಲು ಬಿಚ್ಚಾಣಿಕೆಯ ಒಲೆಗಳು ಸೌದೆ ಬೇಡುವ ಊರು ರಾಮನಗರ. ಬೇಕರಿಯೂ ಅದೇ ಸೌದೆಗೆ ಕೈಚಾಚಬೇಕು. ಹೊಗೆಯ ಪ್ರಶ್ನೆ ದೊಡ್ಡ ನಗರಗಳಲ್ಲಿ ಕೋರ್ಟು ಹತ್ತಿದೆ: ಸೌದೆ, ಇದ್ದಿಲಿನ ಬೇಕರಿಗಳು ಆರು ತಿಂಗಳಲ್ಲಿ ಬೇರೆ ಇಂಧನಕ್ಕೆ ಬದಲಾಗಬೇಕೆಂದು ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ಮುಂಬೈ ಪ್ರದೇಶದ ಬೇಕರಿಗಳಿಗೆ ಸೂಚಿಸಿತು.

ಅಳವಡಿಕೆ

ಡೆಕ್ಕಿಗೆ ಎರಡರಂತೆ ನಾಲ್ಕು ಟ್ರೇ ಹಿಡಿಯುವ ಓವನ್ನುಗಳಲ್ಲಿ ಸುಮಾರು 13 ಕಿಲೋವ್ಯಾಟ್ ಸಾಮರ್ಥ್ಯದವು ಸಾಮಾನ್ಯ. ಇದನ್ನು ಸಿಂಗಲ್ ಫೇಸಿನಲ್ಲಿ ಓಡಿಸಿದರೆ ಹೆಚ್ಚುಕಡಿಮೆ 57 ಆಂಪಿಯರ್ ಎಳೆಯುತ್ತದೆ. ತ್ರೀ ಫೇಸಿನಲ್ಲಿ ಪ್ರತಿ ಫೇಸಿಗೆ ಸುಮಾರು 19. ಆದ್ದರಿಂದ ತ್ರೀ ಫೇಸ್ ಸಂಪರ್ಕ ಪಡೆದು, ಮಂಜೂರಾದ ಲೋಡನ್ನು ಹೆಚ್ಚಿಸಿಕೊಂಡ ಮೇಲೆಯೇ ಓವನ್ ತರಿಸುವುದು ಸರಿ. ವೈರಿಂಗನ್ನು ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಓವನ್ನಿಗೆ ಬೋರ್ಡಿನಿಂದ ಪ್ರತ್ಯೇಕ ಲೈನು, ಪ್ರತ್ಯೇಕ ಎಂಸಿಬಿ (ವಿದ್ಯುತ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್ಚು) ಬೇಕು. ಹಿಟ್ಟು ನಾದುವ ಮೆಷಿನ್, ಫ್ರಿಜ್ಜು ಅದೇ ಲೈನಿನಲ್ಲಿ ಇರಕೂಡದು. ನ್ಯೂಟ್ರಲ್ ತಂತಿ ಸಡಿಲವಾದರೆ ಲೋಡ್ ಕಡಿಮೆಯಿರುವ ಫೇಸಿನಲ್ಲಿ ವೋಲ್ಟೇಜ್ ಮಿತಿಮೀರಿ ಏರಿ ಡಿಜಿಟಲ್ ಕಂಟ್ರೋಲರ್ ಸುಟ್ಟುಹೋಗಬಹುದು.

ಈ ಸೀಮೆಯಲ್ಲಿ ಹೆಚ್ಚು ಗಮನ ಬೇಡುವುದು ಅರ್ಥಿಂಗ್. ರಾಮನಗರ, ಕನಕಪುರ, ಮಾಗಡಿಗಳ ನೆಲದಡಿ ಇರುವುದು ಗ್ರಾನೈಟ್. ರಾಮದೇವರ ಬೆಟ್ಟ, ಸಾವನದುರ್ಗಗಳಲ್ಲಿ ಮೇಲೆದ್ದು ಕಾಣುವ ಕಲ್ಲು ಎಷ್ಟೋ ಕಡೆ ಅಂಗಡಿಯ ತಳಪಾಯದಡಿಯಲ್ಲೂ ಕೆಲವೇ ಅಡಿ ಕೆಳಗಿರುತ್ತದೆ. ಬಂಡೆ ಮತ್ತು ಒಣ ಗರಸು ಮಣ್ಣು ವಿದ್ಯುತ್ತನ್ನು ಸುಲಭವಾಗಿ ಭೂಮಿಗೆ ಬಿಡುವುದಿಲ್ಲ. ಅರ್ಥ್ ಗುಂಡಿಯ ರೋಧ 20 ಓಮ್ ಇದೆಯೆಂದುಕೊಳ್ಳೋಣ. ಓವನ್ನಿನ ಮೈಗೆ 230 ವೋಲ್ಟಿನ ತಂತಿ ತಾಗಿದರೆ ಆ ಗುಂಡಿಯ ಮೂಲಕ ಹರಿಯುವುದು ಹನ್ನೊಂದೂವರೆ ಆಂಪಿಯರ್ ಮಾತ್ರ. 32 ಆಂಪಿಯರಿನ ಎಂಸಿಬಿಗೆ ಇದು ದೋಷವೆಂದೇ ಅನಿಸುವುದಿಲ್ಲ, ಬೀಳುವುದಿಲ್ಲ. ಓವನ್ನಿನ ಸ್ಟೀಲ್ ಮೈಯಲ್ಲಿ ವಿದ್ಯುತ್ ಹಾಗೇ ನಿಂತಿರುತ್ತದೆ, ಒದ್ದೆ ಕೈಯವರು ಅದನ್ನೇ ಮುಟ್ಟುತ್ತಾರೆ. ಅರ್ಥ್ ತಂತಿ ಎಳೆದಾಗಿದೆ ಎಂಬ ಸಮಾಧಾನ ಇಲ್ಲಿ ಸಾಲದು. ಮಣ್ಣು ಆಳವಿರುವ ಕಡೆ, ಸಾಧ್ಯವಾದರೆ ಬಚ್ಚಲ ನೀರಿನ ಪಸೆ ಇರುವ ಹಿತ್ತಿಲಲ್ಲಿ, ಗುಂಡಿ ತೆಗೆಸಬೇಕು. ಇದ್ದಿಲು, ಉಪ್ಪು ತುಂಬಿಸಿ ಮೀಟರಿನಿಂದ ರೋಧ ಅಳೆಯಿಸಬೇಕು. ಬೇಸಿಗೆಯಲ್ಲಿ ಗುಂಡಿಗೆ ನೀರು ಹೊಯ್ಯಬೇಕು. ಇಷ್ಟಾದ ಮೇಲೂ ಸೋರುವ ವಿದ್ಯುತ್ತನ್ನು ಗುರುತಿಸಿ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಜೀವ ಉಳಿಸುವುದು ಅದು.

ಓವನ್ ಕೂರುವ ನೆಲ ಮಟ್ಟವಾಗಿರಬೇಕು. ವಾಲಿದ್ದರೆ ಕೇಕಿನ ಹಿಟ್ಟು ಒಂದೇ ಕಡೆ ದಪ್ಪವಾಗುತ್ತದೆ. ಹಿಂದೆ ಮತ್ತು ಪಕ್ಕದಲ್ಲಿ ಗಾಳಿಯಾಡಲು ತಯಾರಕರು ಹೇಳಿದಷ್ಟು ಜಾಗ ಬಿಡಬೇಕು.

ಬಳಕೆ

ಭಟ್ಟಿಯಲ್ಲಿ ಕಾವು ನೆಲ, ಗೋಡೆ, ಕಮಾನು ಎಲ್ಲ ಕಡೆಯಿಂದ ಬರುತ್ತದೆ. ಡೆಕ್ಕಿನಲ್ಲಿ ಮೇಲಿನ ಹೀಟರ್, ಕೆಳಗಿನ ಹೀಟರ್ ಬೇರೆ ಬೇರೆ. ಈ ಎರಡರ ನಡುವಿನ ಹೊಂದಾಣಿಕೆಯೇ ಡೆಕ್ಕಿನ ವಿದ್ಯೆ. ಭಟ್ಟಿಯಲ್ಲಿ ಪಳಗಿದವರು ಹೊಸದಾಗಿ ಕಲಿಯಬೇಕಾದದ್ದೂ ಇದನ್ನೇ. ಅಚ್ಚಿನ ಬ್ರೆಡ್ಡಿಗೆ ಕೆಳಗಿನ ಕಾವು ತುಸು ಮುಂದಿರಬೇಕು, ಇಲ್ಲವಾದರೆ ಮೇಲೆ ಬಣ್ಣ ಬಂದು ತಳ ಹಸಿಯಾಗಿ ಉಳಿಯುತ್ತದೆ. ದಿಲ್‌ಪಸಂದಿಗೆ ಇದು ತಿರುಗುಮುರುಗು: ಹೂರಣದ ಸಕ್ಕರೆ ಕರಗಿ ಟ್ರೇಗೆ ಇಳಿಯುವುದರಿಂದ ಕೆಳಗಿನ ಕಾವು ಇಳಿಸದಿದ್ದರೆ ತಳ ಕರಿಕಾಗುತ್ತದೆ. ರಾಗಿ ಬಿಸ್ಕತ್ತು ಬೇರೆಯೇ ಸಮಸ್ಯೆ. ಮಾಗಡಿ, ಕನಕಪುರಗಳು ರಾಗಿಯ ಸೀಮೆ, ಅಲ್ಲಿ ಈ ಬಿಸ್ಕತ್ತಿಗೆ ನೆಲೆಯುಂಟು. ಆದರೆ ಹಸಿ ಹಿಟ್ಟೇ ಕಂದಾಗಿರುವುದರಿಂದ ಬಣ್ಣ ನೋಡಿ ಬೆಂದದ್ದನ್ನು ಹೇಳಲಾಗದು. ಒಂದನ್ನು ಎತ್ತಿ ಅಂಚು ಗಟ್ಟಿಯಾಗಿದೆಯೇ, ತಳ ಟ್ರೇಯಿಂದ ಬಿಡುತ್ತದೆಯೇ ಎಂದು ನೋಡಬೇಕು. ಗಡಿಯಾರ ನೋಡುವ ಅಭ್ಯಾಸ ಇಲ್ಲಿ ಕೈಹಿಡಿಯುತ್ತದೆ.

ವೋಲ್ಟೇಜ್ ಇಳಿದರೆ ಕಾವು ಅದಕ್ಕಿಂತ ಹೆಚ್ಚು ಇಳಿಯುತ್ತದೆ, ಏಕೆಂದರೆ ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣ. 230 ಇರಬೇಕಾದ ಕಡೆ 200 ಇದ್ದರೆ ಶಕ್ತಿಯ ಕಾಲುಭಾಗವೇ ಹೋಗುತ್ತದೆ. ಓವನ್ ಕಾಯಲು ಅರ್ಧ ಗಂಟೆಯ ಬದಲು ಮುಕ್ಕಾಲು ಗಂಟೆ ಹಿಡಿದರೆ ಓವನ್ನನ್ನು ದೂರುವ ಮೊದಲು ವೋಲ್ಟೇಜ್ ನೋಡಬೇಕು. ಒಂದು ಡೆಕ್ಕಿನ ಸರಕು ಒಂದೇ ಬದಿಯಲ್ಲಿ ಬೆಳ್ಳಗೆ ಉಳಿಯತೊಡಗಿದರೆ ಒಂದು ಫೇಸು ಹೋಗಿರಬಹುದು, ಇಲ್ಲವೇ ಒಂದು ಹೀಟರ್ ಸುಟ್ಟಿರಬಹುದು.

ಬೇಯುವಾಗ ಕರೆಂಟು ಹೋದರೆ ಬಾಗಿಲು ತೆಗೆಯಕೂಡದು. ಉಬ್ಬಿ, ಮೇಲ್ಮೈ ಗಟ್ಟಿಯಾದ ಬ್ರೆಡ್ಡು ಒಳಗಿನ ಕಾವಿನಲ್ಲೇ ಬಹುಪಾಲು ಬೆಂದುಕೊಳ್ಳುತ್ತದೆ. ಇನ್ನೂ ನಡುಭಾಗ ನಿಲ್ಲದ ಕೇಕು ಸಾಮಾನ್ಯವಾಗಿ ಕುಸಿಯುತ್ತದೆ.

ನಿರ್ವಹಣೆ

ದಿನದ ಕೊನೆಗೆ, ಓವನ್ ಆರಿದ ಮೇಲೆ, ಚೂರುಪಾರನ್ನು ಬ್ರಷ್ಷಿನಿಂದ ಗುಡಿಸಬೇಕು. ಬಿಸಿ ಡೆಕ್ಕಿಗೆ ನೀರು ಹಾಕಿದರೆ ಕಲ್ಲಿನ ತಳ ಬಿರಿಯುತ್ತದೆ, ಲೋಹದ ತಳ ಸೊಟ್ಟಗಾಗುತ್ತದೆ. ಬಾಗಿಲಿನ ಸೀಲು ಸವೆದಿದೆಯೇ ಎಂದು ತಿಳಿಯಲು ಒಂದು ಕಾಗದದ ಚೂರನ್ನು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆದು ನೋಡಬಹುದು; ಸರಾಗವಾಗಿ ಬಂದರೆ ಕಾವು ಸೋರುತ್ತಿದೆ. ಹೀಟರಿಗೆ ಹೋಗುವ ತಂತಿಗಳ ಲಗ್ಗುಗಳು ಕಾದು ಆರಿ ಸಡಿಲಾಗುತ್ತವೆ, ಆಗಾಗ ಮೇನ್ ಆರಿಸಿ ಎಲೆಕ್ಟ್ರಿಷಿಯನ್‌ನಿಂದ ಬಿಗಿ ಮಾಡಿಸಬೇಕು. ಇನ್ಸುಲೇಷನ್ನಿನ ಬೆಚ್ಚನೆ ಉಣ್ಣೆಯಲ್ಲಿ ಇಲಿ, ಜಿರಳೆ ನೆಲೆಮಾಡುವುದುಂಟು. ಹಿಂಬದಿಯ ಫಲಕವನ್ನು ತೆಗೆದು ನೋಡದೆ ಇದು ಗೊತ್ತಾಗುವುದಿಲ್ಲ.

ಮಳೆಗಾಲದಲ್ಲಿ ಕೆಲವು ದಿನ ಮುಚ್ಚಿದ್ದ ಅಂಗಡಿಯಲ್ಲಿ ಓವನ್ ಹಾಕಿದೊಡನೆ ಆರ್‌ಸಿಸಿಬಿ ಬೀಳುವುದುಂಟು. ಹೀಟರ್ ರಾಡಿನೊಳಗೆ ತುಂಬಿರುವ ಮೆಗ್ನೀಷಿಯಂ ಆಕ್ಸೈಡ್ ಪುಡಿ ಗಾಳಿಯ ತೇವ ಹೀರಿಕೊಂಡು ವಿದ್ಯುತ್ ಸೋರಲು ಬಿಡುವುದು ಇದಕ್ಕೆ ಒಂದು ಕಾರಣ. ಆರ್‌ಸಿಸಿಬಿಯನ್ನು ತಪ್ಪಿಸಿ ನೇರ ಸಂಪರ್ಕ ಕೊಡುವುದು ಅಪಾಯಕಾರಿ. ಎಲೆಕ್ಟ್ರಿಷಿಯನ್‌ನಿಂದ ರಾಡುಗಳನ್ನು ಬೇರ್ಪಡಿಸಿ ಒಂದೊಂದನ್ನೇ ಮೆಗ್ಗರಿನಲ್ಲಿ (ಇನ್ಸುಲೇಷನ್ ರೋಧ ಅಳೆಯುವ ಮೀಟರ್) ಅಳೆಯಿಸಿ, ತೇವವಿರುವುದನ್ನು ಒಣಗಿಸಿ ಮರುಜೋಡಣೆ ಮಾಡಿಸಬೇಕು. ಒಣಗಿದ ಮೇಲೂ ಸೋರುವ ರಾಡನ್ನು ಬದಲಾಯಿಸುವುದೇ ದಾರಿ.

ಗೃಹಬಳಕೆ

ಅಡುಗೆಮನೆಯ ಕಪಾಟಿನೊಳಗೇ ಕೂರಿಸುವ ಜೋಡಿ ಓವನ್ ಈ ಸೀಮೆಯ ಮನೆಗಳಲ್ಲಿ ವಿರಳ. ಅದರ ತತ್ವ ಬೇಕರಿಯ ಡೆಕ್ಕಿನದೇ, ಲೋಡು ಮಾತ್ರ ಕಡಿಮೆ. ಪ್ರತ್ಯೇಕ ಲೈನು, ಅಳೆದು ನೋಡಿದ ಅರ್ಥಿಂಗ್, ಆರ್‌ಸಿಸಿಬಿ ಈ ಮೂರೂ ಅಲ್ಲಿಯೂ ಬೇಕು. ಕಪಾಟಿನ ಹಿಂಬದಿಯಲ್ಲಿ ಬಿಸಿಗಾಳಿ ಹೊರಹೋಗಲು ಕಿಂಡಿ ಬಿಡದಿದ್ದರೆ ಪ್ಲೈವುಡ್ ಉಬ್ಬುತ್ತದೆ, ಓವನ್ನಿನ ಎಲೆಕ್ಟ್ರಾನಿಕ್ ಬೋರ್ಡೂ ಬೇಗ ಕೆಡುತ್ತದೆ.