ಕಾಶಿಯಿಂದ ಲಂಡನ್ನಿಗೆ, ಜಕನೂರಿನ ಮಾರ್ಗವಾಗಿ

ಗಿಟಾರಿನ ತಂತಿಗೂ ಕನ್ನಡಿಗರಿಗೂ ಎಲ್ಲಿಂದೆಲ್ಲಿಯ ನಂಟು ಎಂದು ಓದುಗ ಬಂಧುಗಳು ಕೇಳಬಹುದು. ನಂಟು ಇದೆ. ಅದು ಇಂದಿನ ಬಾಗಲಕೋಟೆ ಜಿಲ್ಲೆಯ ಜಕನೂರೆಂಬ ಹಳ್ಳಿಯಿಂದ ಹೊರಟು ಲಂಡನ್ನಿಗೆ ಹೋಗಿ, ನಾವೀಗ ವರ್ಗವಾಗಿ ಬಂದು ಕುಳಿತಿರುವ ಈ ಕಾಶಿಯನ್ನೂ ಮುಟ್ಟುತ್ತದೆ. ಸಂಘದ ಗೆಳೆಯರು ‘ಕಾಶಿಯ ಬಗ್ಗೆ ಏನಾದರೂ ಬರೆದು ಕಳಿಸಿ’ ಎಂದಾಗ ಘಾಟುಗಳ ವಿಷಯವನ್ನೋ ಜಂಗಮವಾಡಿ ಮಠದ ವಿಷಯವನ್ನೋ ನಿರೀಕ್ಷಿಸಿರಬೇಕು. ಅವನ್ನು ನಮಗಿಂತ ಬಲ್ಲವರು ಬರೆದಿದ್ದಾರೆ. ನಾವು ತಂತಿಯ ಕಥೆ ಬರೆಯುತ್ತೇವೆ.

ನಮ್ಮ ಹಿರಿಯ ಮಗನ ಬಳಿ ಇರುವುದು ಇಲೆಕ್ಟ್ರಿಕ್ ಗಿಟಾರು. ಅದನ್ನು ಕಂಡ ದಿನ ನಮ್ಮ ತಾಯಿಯವರು, ‘ಮೈಸೂರಿನ ಕೂಸು ವೀಣೆ ಬಿಟ್ಟು ಕರೆಂಟಿನ ತಂಬೂರಿ ಹಿಡಿಯಿತಲ್ಲಪ್ಪಾ’ ಎಂದರು. ಪರಸ್ಥಳದಲ್ಲಿ ಮಕ್ಕಳನ್ನು ಬೆಳೆಸುವ ನಮ್ಮಂಥವರ ಮನೆಗಳಲ್ಲಿ ಈ ಮಾತು ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಭಾಷೆ ಹೋಯಿತು, ಊಟ ಹೋಯಿತು, ಈಗ ಸಂಗೀತವೂ ಹೋಯಿತು ಎಂಬ ಕೊರಗು. ಆ ಕೊರಗು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಈ ವಾದ್ಯದ ಮಟ್ಟಿಗೆ ಚರಿತ್ರೆ ಬೇರೆಯೇ ಸಾಕ್ಷಿ ನುಡಿಯುತ್ತದೆ. ಇದೇ ಊರಿನ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಮೊದಲ ಕುಲಾಧಿಪತಿಗಳಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರು ವೀಣೆಯ ಜೊತೆಗೆ ಪಿಟೀಲು, ಪಿಯಾನೋಗಳನ್ನೂ ನುಡಿಸಬಲ್ಲವರಾಗಿದ್ದರು. ಅವರನ್ನು ಯಾರೂ ಮನೆ ಬಿಟ್ಟ ಮಗನೆಂದು ಕರೆದಿಲ್ಲ.

ಮಳೆಗಾಲದಲ್ಲಿ ಗಂಗೆ ಏರಿದಳೆಂದರೆ ಕಾಶಿಯ ಗೋಡೆಗಳೆಲ್ಲ ಬೆವರುತ್ತವೆ. ಉಕ್ಕಿನ ತಂತಿ ತುಕ್ಕು ಹಿಡಿಯುತ್ತದೆ. ಆದ್ದರಿಂದ ದಸರೆಯ ಹೊತ್ತಿಗೆ ನಮ್ಮ ಮನೆಯಲ್ಲಿ ಆಯುಧಪೂಜೆಗೆ ಮೊದಲು ಗಿಟಾರಿಗೆ ಹೊಸ ತಂತಿ. ಆರು ತಂತಿಗಳ ಕಟ್ಟಿನಲ್ಲಿ ತೀರ ತೆಳ್ಳನೆಯದು ಕಾಲು ಮಿಲಿಮೀಟರು, ದಪ್ಪನೆಯದು ಸುಮಾರು 1.17 ಮಿಲಿಮೀಟರು. ಬಿ.ಎಸ್ಸಿ.ಯಲ್ಲಿ ಸೋನೋಮೀಟರ್ ಪ್ರಯೋಗ ಮಾಡಿದವರಿಗೆ ಇದರ ಲೆಕ್ಕ ನೆನಪಿರಬಹುದು. ಮೆರ್ಸೆನ್ ಎಂಬ ಫ್ರೆಂಚ್ ಪಾದ್ರಿ 1636ರಲ್ಲಿ ಪ್ರಕಟಿಸಿದ ನಿಯಮ ಅದು. ಉದ್ದ ಮತ್ತು ಬಿಗಿತ ಒಂದೇ ಇದ್ದರೆ, ತಂತಿಯ ತೂಕ ಹದಿನಾರು ಪಾಲು ಹೆಚ್ಚಿದಾಗ ಕಂಪನ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಗಿಟಾರಿನ ಮೇಲಿನ ತಂತಿ ಸೆಕೆಂಡಿಗೆ ಸುಮಾರು 330 ಸಲ, ಕೆಳಶ್ರುತಿಯದು ಸುಮಾರು 82 ಸಲ ಕಂಪಿಸುತ್ತದೆ. ಲೆಕ್ಕ ಸರಿಹೋಯಿತು. ಅಷ್ಟು ದಪ್ಪದ ಇಡೀ ಉಕ್ಕಿನ ಸರಳು ಬಾಗಲಾರದೆ ಅಪಸ್ವರ ಕೊಡುತ್ತದೆಂದು, ತೆಳ್ಳನೆಯ ಉಕ್ಕಿನ ಎಳೆಗೆ ನಿಕ್ಕಲ್ ಲೇಪದ ಉಕ್ಕಿನ ತಂತಿಯನ್ನು ಸುತ್ತಿರುತ್ತಾರೆ.

ಇಲ್ಲಿನ ಒಬ್ಬ ಅಂಗಡಿಯವ ಕಂಚಿನ ಸುತ್ತಿನ ತಂತಿಯನ್ನು ಮುಂದಿಟ್ಟು ‘ಎಲ್ಲಾ ಒಂದೇ, ಸಾಬ್’ ಎಂದ. ಒಂದೇ ಅಲ್ಲ. ಇಲೆಕ್ಟ್ರಿಕ್ ಗಿಟಾರಿಗೆ ದನಿಪೆಟ್ಟಿಗೆಯಿಲ್ಲ. ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲಿನ ಉಕ್ಕು ಅಲುಗಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡದ್ದು ಇದನ್ನೇ. ಅಯಸ್ಕಾಂತಕ್ಕೆ ಕಂಚು ಕಾಣದು, ನೈಲಾನು ಕಾಣದು. ಕಂಚಿನ ಸುತ್ತು ಹಾಕಿದರೆ ಒಳಗಿನ ಎಳೆ ಮಾತ್ರ ನುಡಿದು ದಪ್ಪ ತಂತಿಗಳ ದನಿ ಬಡಕಲಾಗುತ್ತದೆ.

ಬದಲಾಯಿಸುವಾಗ ಬಿಗಿ ಇದ್ದಂತೆಯೇ ತಂತಿ ಕತ್ತರಿಸಬಾರದು. ಮೊದಲು ಬಿರಡೆ ತಿರುಗಿಸಿ ಸಡಿಲಿಸಬೇಕು. ಆರೂ ಸೇರಿ ಎಳೆಯುವ ಬಲ ಸುಮಾರು 45 ಕಿಲೋ, ಅಂದರೆ ಒಂದು ಮೂಟೆ ಸಿಮೆಂಟಿಗೆ ಸ್ವಲ್ಪ ಕಡಿಮೆ. ಸ್ಪ್ರಿಂಗ್ ಇರುವ ಕುದುರೆಯಾದರೆ ಈ ಎಳೆತಕ್ಕೂ ಸ್ಪ್ರಿಂಗಿಗೂ ತೂಗಿ ನಿಂತಿರುತ್ತದಾದ್ದರಿಂದ ಒಂದೊಂದೇ ತಂತಿ ತೆಗೆದು ಒಂದೊಂದೇ ಹಾಕಬೇಕು. ಬಿರಡೆಗೆ ಎರಡು ಮೂರು ಸುತ್ತು ಬರುವಷ್ಟು ಸಡಿಲು ಬಿಟ್ಟು, ಸುತ್ತುಗಳು ಒಂದರ ಕೆಳಗೊಂದು ಕೂರುವಂತೆ ಬಿಗಿದು, ಬೆರಳಿನಿಂದ ಮೆಲ್ಲನೆ ಎಳೆದೆಳೆದು ಮತ್ತೆ ಶ್ರುತಿ ಮಾಡಬೇಕು. ಹೊಸ ತಂತಿ ಒಂದೆರಡು ದಿನ ಜಗ್ಗುತ್ತಲೇ ಇರುತ್ತದೆ. ಕತ್ತರಿಸಿದ ತುದಿ ಸೂಜಿಯಂತಿರುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಎಚ್ಚರ.

ಇನ್ನು ಚರಿತ್ರೆ. ವಿದ್ಯುತ್ ಗಿಟಾರೆಂದರೆ ಕೊರಳಿಗೆ ಪಟ್ಟಿ ಹಾಕಿ ಕುಣಿಯುವವರದ್ದೆಂದು ನಾವೆಲ್ಲ ತಿಳಿದಿದ್ದೇವೆ. ಆದರೆ ಮಾರಾಟಕ್ಕೆ ಬಂದು ನೆಲೆಯೂರಿದ ಮೊದಲ ವಿದ್ಯುತ್ ಗಿಟಾರು, ಅಮೆರಿಕದಲ್ಲಿ ಬೋಷಾಂ ಮತ್ತು ರಿಕನ್‌ಬ್ಯಾಕರ್ 1931-32ರಲ್ಲಿ ತಯಾರಿಸಿದ ‘ಬಾಣಲೆ’ ಎಂಬ ಅಡ್ಡಹೆಸರಿನ ವಾದ್ಯ, ತೊಡೆಯ ಮೇಲೆ ಮಲಗಿಸಿ, ಉಕ್ಕಿನ ತುಂಡನ್ನು ಜಾರಿಸಿ ನುಡಿಸುವಂಥದ್ದು. ಹವಾಯಿ ದ್ವೀಪದವರ ರೀತಿ ಅದು. ತಂತಿಯ ಮೇಲೆ ಜಾರಿಸುವ ಕ್ರಮ ನಮ್ಮ ಗೋಟುವಾದ್ಯದಲ್ಲಿದೆ, ವಿಚಿತ್ರ ವೀಣೆಯಲ್ಲಿದೆ. ಆ ವಿಚಿತ್ರ ವೀಣೆಯ ಹೆಸರಾಂತ ವಾದಕ ಲಾಲ್‌ಮಣಿ ಮಿಶ್ರರು ಪಾಠ ಹೇಳಿದ್ದು ಕಾಶಿಯ ವಿಶ್ವವಿದ್ಯಾನಿಲಯದಲ್ಲೇ. ಗಮಕಕ್ಕೆ ಒಗ್ಗುವ ಈ ಗಿಟಾರನ್ನು ಭಾರತದವರು ಬೇಗನೆ ಅಪ್ಪಿಕೊಂಡರು. ಲಕ್ನೋದಲ್ಲಿ ಹುಟ್ಟಿದ ವ್ಯಾನ್ ಶಿಪ್ಲಿ ಸಿನಿಮಾ ಹಾಡುಗಳನ್ನು ವಿದ್ಯುತ್ ಗಿಟಾರಿನಲ್ಲಿ ನುಡಿಸಿ ಮನೆಮಾತಾದರು. ಜೋಧಪುರದ ಬ್ರಿಜ್‌ಭೂಷಣ್ ಕಾಬ್ರಾ ಅಲಿ ಅಕ್ಬರ್ ಖಾನರ ಶಿಷ್ಯರಾಗಿ ಗಿಟಾರಿನಲ್ಲಿ ರಾಗವನ್ನೇ ಆಲಾಪಿಸಿದರು.

ಈಗ ಜಕನೂರಿಗೆ ಬರೋಣ. ಅಯನದೇವ ಅಂಗಡಿ ಎಂಬುವರು 1903ರಲ್ಲಿ ಅಲ್ಲಿ ಹುಟ್ಟಿದರು. ಐ.ಸಿ.ಎಸ್. ಪರೀಕ್ಷೆಯ ಉದ್ದೇಶದಿಂದ 1924ರಲ್ಲಿ ಲಂಡನ್ನಿಗೆ ಹೋದವರು ಅಧಿಕಾರಿಯಾಗದೆ ಎಡಪಂಥೀಯ ರಾಜಕೀಯದ ಭಾಷಣಕಾರರೂ ಲೇಖಕರೂ ಆದರು. 1943ರಲ್ಲಿ ಪೆಟ್ರೀಷಿಯಾ ಎಂಬ ಚಿತ್ರಕಲಾವಿದೆಯನ್ನು ಮದುವೆಯಾದರು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ದಂಪತಿಗಳು ‘ಏಷ್ಯನ್ ಮ್ಯೂಸಿಕ್ ಸರ್ಕಲ್’ ಎಂಬ ಸಂಸ್ಥೆ ಕಟ್ಟಿದರು. ಪಿಟೀಲು ವಾದಕ ಯೆಹೂದಿ ಮೆನುಹಿನ್ ಅದರ ಅಧ್ಯಕ್ಷರಾದರು. ಕಾಶಿಯಲ್ಲಿ 1920ರಲ್ಲಿ ಹುಟ್ಟಿದ ರವಿಶಂಕರರ ಸಿತಾರನ್ನು ಲಂಡನ್ನಿನವರಿಗೆ ಕೇಳಿಸಿದವರಲ್ಲಿ ಈ ಸಂಸ್ಥೆಯೂ ಸೇರಿದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ಯರ ಯೋಗ ತರಗತಿಗಳಿಗೆ ಅಲ್ಲಿ ಆಸರೆ ಕೊಟ್ಟದ್ದೂ ಇದೇ. ಲಂಡನ್ನಿನ ಮನೆಯೊಂದೇ ಕಛೇರಿ, ಅದೇ ಅತಿಥಿಗೃಹ. ಸಂಘ ನಡೆಸುವವರ ಮನೆ ಎಂಥದೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

1965ರ ಅಕ್ಟೋಬರ್. ಬೀಟಲ್ಸ್ ತಂಡದ ಗಿಟಾರುವಾದಕ ಜಾರ್ಜ್ ಹ್ಯಾರಿಸನ್, ಆಗಲೇ ರಿಕನ್‌ಬ್ಯಾಕರ್ ಕಂಪನಿಯ ಹನ್ನೆರಡು ತಂತಿಯ ವಿದ್ಯುತ್ ಗಿಟಾರಿನಿಂದ ಜಗತ್ಪ್ರಸಿದ್ಧನಾಗಿದ್ದವನು, ಆಕ್ಸ್‌ಫರ್ಡ್ ಬೀದಿಯ ಅಂಗಡಿಯೊಂದರಲ್ಲಿ ಕೊಂಡ ಅಗ್ಗದ ಸಿತಾರನ್ನು ‘ನಾರ್ವೀಜಿಯನ್ ವುಡ್’ ಹಾಡಿಗೆ ನುಡಿಸುತ್ತಿದ್ದ. ತಂತಿ ಕಡಿಯಿತು. ಗಿಟಾರಿನ ತಂತಿಯಾಗಿದ್ದರೆ ಲಂಡನ್ನಿನ ಮೂಲೆ ಮೂಲೆಯಲ್ಲೂ ಸಿಗುತ್ತಿತ್ತು, ಸಿತಾರಿನ ತಂತಿ? ವಿಚಾರಿಸಿ ವಿಚಾರಿಸಿ ಕೊನೆಗೆ ಕರೆ ಹೋದದ್ದು ಅಂಗಡಿಯವರ ಮನೆಗೆ. ಮನೆಯಲ್ಲಿ ತಂತಿ ಇತ್ತು. ಅಂಗಡಿಯವರು ಸಂಸಾರ ಸಮೇತ ಆಬಿ ರಸ್ತೆಯ ಸ್ಟುಡಿಯೋಕ್ಕೆ ಹೋಗಿ ಕೊಟ್ಟು ಬಂದರು. ಪೆಟ್ರೀಷಿಯಾ ಅಲ್ಲೇ ಕುಳಿತು ಚಿತ್ರ ಬರೆದರು. ಡಿಸೆಂಬರಿನಲ್ಲಿ ತಟ್ಟೆ ಹೊರಬಂದು ಸಿತಾರಿನ ದನಿ ಪಾಶ್ಚಾತ್ಯ ಯುವಕರ ಕಿವಿಗೆ ಬಿತ್ತು.

ಹ್ಯಾರಿಸನ್ ಆ ಮನೆಗೆ ಬಂದುಹೋಗತೊಡಗಿದ. 1966ರ ಜೂನ್‌ನಲ್ಲಿ ರವಿಶಂಕರರನ್ನು ಭೇಟಿಯಾದದ್ದೂ ಅಲ್ಲೇ. ಸಿತಾರ್ ಪಾಠದ ಮಧ್ಯೆ ಟೆಲಿಫೋನು ಬಂತೆಂದು ಆತ ವಾದ್ಯವನ್ನು ದಾಟಿಕೊಂಡು ಹೋದಾಗ ಗುರುಗಳು ಕಾಲಿಗೆ ಒಂದು ಬಿಗಿದು, ವಾದ್ಯಕ್ಕೆ ಮರ್ಯಾದೆ ಕಲಿ ಎಂದರಂತೆ. ಈ ಪ್ರಸಂಗವನ್ನು ಓದಿ ಹೇಳಿದಾಗ ನಮ್ಮ ತಾಯಿಯವರಿಗೆ ಬಹಳ ಹಿಡಿಸಿತು. ಮೊಮ್ಮಗನ ಗಿಟಾರು ನೆಲದ ಮೇಲಿದ್ದರೆ ಈಗ ಅವರೇ ಎತ್ತಿಡಿಸುತ್ತಾರೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹ್ಯಾರಿಸನ್ ಭಾರತಕ್ಕೆ ಬಂದು, ಗುರುವಿನ ಹುಟ್ಟೂರಾದ ಈ ಕಾಶಿಗೂ ಬಂದು ರಾಮಲೀಲೆ ನೋಡಿದ. ಕೆಲವೇ ವರ್ಷಗಳಲ್ಲಿ ಸಿತಾರ್ ತನ್ನ ಕೈಗೆ ಪೂರ್ತಿ ಒಲಿಯದೆಂದು ಅರಿತು ಗಿಟಾರಿಗೇ ಮರಳಿದ. ಆದರೆ ಮರಳಿದ ಮೇಲೆ ಹೆಸರಾದದ್ದು ತಂತಿಯ ಮೇಲೆ ಜಾರಿಸಿ ನುಡಿಸುವ ಶೈಲಿಯಿಂದ. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಗುರುಶಿಷ್ಯರು ಕಛೇರಿ ಏರ್ಪಡಿಸಿದಾಗ, ಶ್ರುತಿ ಮಾಡಿ ನಿಲ್ಲಿಸಿದ್ದಕ್ಕೇ ಸಭಿಕರು ಚಪ್ಪಾಳೆ ತಟ್ಟಿದರು. ಶ್ರುತಿಯೇ ಇಷ್ಟು ಹಿಡಿಸಿದರೆ ಸಂಗೀತ ಇನ್ನೂ ಹಿಡಿಸಬಹುದೆಂದು ರವಿಶಂಕರರು ನಗಿಸಿದ್ದು ಪ್ರಸಿದ್ಧ.

ಅಂಗಡಿಯವರು 1993ರಲ್ಲಿ ತೀರಿಕೊಂಡರು. ಅವರ ಸಂಸ್ಥೆಯ ಭಾರತೀಯ ವಾದಕರು 1966ರ ಬೀಟಲ್ಸ್ ತಟ್ಟೆಯಲ್ಲೂ 1967ರದರಲ್ಲೂ ನುಡಿಸಿದ್ದಾರೆ. ಮೊದಲಿನದರ ಹೊದಿಕೆಯಲ್ಲಿ ತಬಲಾದ ಅನಿಲ್ ಭಾಗವತರ ಹೆಸರೊಂದು ಅಚ್ಚಾಯಿತು. ಎರಡನೆಯದರಲ್ಲಿ ಭಾರತೀಯ ವಾದಕರೊಬ್ಬರ ಹೆಸರೂ ಇಲ್ಲ. ನಮ್ಮ ಕಚೇರಿಯಲ್ಲಾಗಿದ್ದರೆ ಆ ಒಂದು ಸಿತಾರ್ ತಂತಿಗೂ ವೋಚರು ಬರೆದು, ತಂದವರ ಹೆಸರು, ತಾರೀಖು, ರುಜು ಹಾಕಿಸದೆ ಕಡತ ಮುಂದಿನ ಮೇಜಿಗೆ ಹೋಗುತ್ತಿರಲಿಲ್ಲ.