ಎಕರೆಗೆ ಆರು ಪೆನ್ಸ್

ನಾಲ್ಕು ಸಾವಿರ ಎಕರೆ ನೆಲ, 99 ವರ್ಷದ ಗುತ್ತಿಗೆ, ವರ್ಷಕ್ಕೆ 100 ಪೌಂಡ್ ಗೇಣಿ. ದಕ್ಷಿಣ ವೇಲ್ಸಿನ ಮರ್ಥಿರ್ ಟಿಡ್ಫಿಲ್ ಊರಿನ ಕಬ್ಬಿಣದ ಚರಿತ್ರೆಯನ್ನು ಯಾವ ತುದಿಯಿಂದ ಓದತೊಡಗಿದರೂ 1765ರ ಈ ಕರಾರು ಎದುರಾಗುತ್ತದೆ. ಅಂದಿನ ನಾಣ್ಯದ ಲೆಕ್ಕದಲ್ಲಿ ಪೌಂಡಿಗೆ 240 ಪೆನ್ಸ್. ಅಂದರೆ ಎಕರೆಗೆ ವರ್ಷಕ್ಕೆ ಬರೀ ಆರು ಪೆನ್ಸ್! ನೆಲದಡಿಯ ಕಲ್ಲಿದ್ದಲು, ಅದಿರನ್ನು ತೆಗೆಯುವ ಹಕ್ಕೂ ಅದರಲ್ಲೇ ಬಂತು. ಗೇಣಿಗೆ ಕೊಟ್ಟ ಭೂಮಾಲೀಕರಿಗೆ ಅದು ಕುರಿ ಮೇಯುವ ಗುಡ್ಡ. ಪಡೆದವನಿಗೆ ಮುಂದೆ ಕವಾರ್ತ್ವ ಎಂಬ ಹೆಸರಿನಲ್ಲಿ ಬೆಳೆಯಲಿದ್ದ ಕಾರ್ಖಾನೆ.

ಪಡೆದವನ ಹೆಸರು ಆಂಥೊನಿ ಬೇಕನ್. ಅವನ ಜಾಡು ಹಿಡಿಯಹೊರಟರೆ ಮೊದಲು ಸಿಗುವವರು ಅವನ ಜೊತೆಗಾರರೇ. ಪಾಲುದಾರ ವಿಲಿಯಂ ಬ್ರೌನ್‌ರಿಗ್ ಇಂಗ್ಲೆಂಡಿನ ವೈಟ್‌ಹೇವನ್ ಬಂದರಿನ ವೈದ್ಯ, ಗಣಿಯ ವಿಷಾನಿಲಗಳ ಬಗ್ಗೆ ತಲೆಕೆಡಿಸಿಕೊಂಡ ವಿಜ್ಞಾನಿ. ಕುಲುಮೆ ಕಟ್ಟಿಸಲು ಬಂದ ಚಾರ್ಲ್ಸ್ ವುಡ್ ಆ ವೈದ್ಯನ ಭಾವ. ಜಮೈಕಾದಿಂದ ಪ್ಲಾಟಿನಂ ಚೂರು ತಂದು ಬ್ರೌನ್‌ರಿಗ್‌ಗೆ ಕೊಟ್ಟವನೂ ಇವನೇ. ಇವನ ತಂದೆ ವಿಲಿಯಂ ವುಡ್ ಐರ್ಲೆಂಡಿಗಾಗಿ ಟಂಕಿಸಿದ ಅರ್ಧ ಪೆನ್ನಿಗಳ ಮೇಲೆ ಜೊನಾಥನ್ ಸ್ವಿಫ್ಟ್ ಕೆಂಡ ಕಾರಿದ್ದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಗೊತ್ತು. ಮಗ 1766-67ರಲ್ಲಿ ಬರೆದಿಟ್ಟ ದಿನಚರಿ ಅಚ್ಚಾಗಿದೆ. ಅದನ್ನು ಹಿಡಿದು ಕೂತರೆ ಕವಾರ್ತ್ವ ಏಳುವುದನ್ನು ಹತ್ತಿರದಿಂದ ನೋಡಬಹುದು. ನೋಡಲಾಗದ್ದು ಒಂದೇ: ಕಟ್ಟಿಸುವ ದಣಿ ಹಣ ಎಲ್ಲಿಂದ ತಂದ?

ಮರ್ಥಿರ್‌ನ ಕಾಗದಗಳಲ್ಲಿ ಇದಕ್ಕೆ ಉತ್ತರವಿಲ್ಲ, ಇರುವುದೂ ಸಾಧ್ಯವಿಲ್ಲ. ಬೇಕನ್ ಹುಟ್ಟಾ ಕಬ್ಬಿಣದವನಲ್ಲ, ವೈಟ್‌ಹೇವನ್ ಕಡೆಯವನು. ಎಳೆಯ ವಯಸ್ಸಿನಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ವ್ಯಾಪಾರ ಕಲಿತು, ಆಮೇಲೆ ಲಂಡನ್ನಿನಲ್ಲಿ ನೆಲೆಯೂರಿದ ವರ್ತಕ. 1764ರಿಂದ ಏಲ್ಸ್‌ಬರಿ ಕ್ಷೇತ್ರದ ಸಂಸತ್ ಸದಸ್ಯ. ಆದ್ದರಿಂದ ಹುಡುಕಾಟ ಗುಡ್ಡ ಇಳಿದು ಲಂಡನ್ನಿಗೆ, ಸರ್ಕಾರಿ ಖಜಾನೆಯ ಲೆಕ್ಕಗಳಿಗೆ ಬರಬೇಕು. ಆ ದಾರಿ ತುಳಿದವರಲ್ಲಿ ಮುಖ್ಯ ಹೆಸರು ಸಂಸತ್ತಿನ ಚರಿತ್ರಕಾರ ಲೂಯಿಸ್ ನೇಮಿಯರ್; ಅವನು 1929ರಲ್ಲೇ ಬೇಕನ್ ಬಗ್ಗೆ ಬಿಡಿ ಲೇಖನ ಬರೆದ. ಮುಂದೆ ಟ್ರಿನಿಡಾಡಿನ ಎರಿಕ್ ವಿಲಿಯಮ್ಸ್ ಬಂಡವಾಳ ಮತ್ತು ಗುಲಾಮಗಿರಿಯ ನಂಟನ್ನು ಕುರಿತ ತನ್ನ ಗ್ರಂಥದಲ್ಲಿ ಇದೇ ಮನುಷ್ಯನನ್ನು ಎಳೆದು ತಂದ.

ಖಜಾನೆಯ ಲೆಕ್ಕ ಹೇಳುವುದಿಷ್ಟು. ಬೇಕನ್ ಮೊದಲು ಪಶ್ಚಿಮ ಆಫ್ರಿಕಾದ ಕರಾವಳಿಯ ಬ್ರಿಟಿಷ್ ಪಡೆಗಳಿಗೆ ದಿನಸಿ ಒದಗಿಸುವ ಗುತ್ತಿಗೆ ಹಿಡಿದ. ನಂತರ ಕೆರಿಬಿಯನ್ ದ್ವೀಪಗಳಲ್ಲಿ ಸರ್ಕಾರಿ ಕೆಲಸಕ್ಕೆ ಗುಲಾಮರನ್ನು ಒದಗಿಸುವ ಗುತ್ತಿಗೆ. 1768ರಿಂದ 1776ರವರೆಗೆ ಈ ಬಾಬ್ತಿಗೆ ಅವನ ಕೈಸೇರಿದ್ದು ಹೆಚ್ಚುಕಡಿಮೆ 67,000 ಪೌಂಡ್.

ಈ ಮೊತ್ತವನ್ನು ಒಂದು ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ಕವಾರ್ತ್ವದ ಗೇಣಿ ಬರೆದುಕೊಂಡೆ. 99 ವರ್ಷಗಳ ಪೂರಾ ಗೇಣಿ ಒಟ್ಟುಗೂಡಿಸಿದರೂ 9,900 ಪೌಂಡ್. ಮನುಷ್ಯರನ್ನು ಒದಗಿಸಿದ್ದಕ್ಕೆ ಬಂದದ್ದು ಅದರ ಆರು ಪಟ್ಟಿಗೂ ಮೇಲೆ. ಇದು ಲಾಭವಲ್ಲ, ಬಟವಾಡೆ. ಅದರಲ್ಲಿ ಖರ್ಚೂ ಇತ್ತೆಂಬುದು ನಿಜ. ಇಂಥ ಪೌಂಡೇ ಇಂಥ ಕುಲುಮೆಯ ಇಟ್ಟಿಗೆಯಾಯಿತು ಎಂದು ಬೆರಳಿಟ್ಟು ತೋರಿಸುವಂತೆಯೂ ಇಲ್ಲ. ಆದರೆ ಎರಡೂ ಒಬ್ಬನ ಜೇಬೇ, ಒಂದೇ ದಶಕ. ಗುಡ್ಡದ ಕಾಗದ ಒಂದು ಕಪಾಟಿನಲ್ಲಿ, ದ್ವೀಪಗಳ ಕಾಗದ ಇನ್ನೊಂದರಲ್ಲಿ ಇದ್ದುದರಿಂದಲೇ ಬೇಕನ್ ಬಹಳ ಕಾಲ ಬರೀ ‘ಮರ್ಥಿರ್ ಕಟ್ಟಿದ ಸಾಹಸಿ’ಯಾಗಿ ಉಳಿದ ಎಂಬುದು ನನ್ನ ಅನಿಸಿಕೆ. ಸ್ಥಳೀಯ ಅಭಿಮಾನಕ್ಕೆ ಅದು ಅನುಕೂಲವೂ ಆಗಿತ್ತೆನ್ನಿ.

ಮೂರನೆಯ ಕಪಾಟು ಫಿರಂಗಿಗಳದ್ದು. 1773-74ರಲ್ಲಿ ಗಟ್ಟಿಯಾಗಿ ಎರಕ ಹೊಯ್ದು ಆಮೇಲೆ ಕೊರೆದ ಫಿರಂಗಿಗಳನ್ನು ಬೇಕನ್ ಸೇನೆಯ ಶಸ್ತ್ರಾಸ್ತ್ರ ಮಂಡಳಿಯ ಮುಂದಿಟ್ಟ. ಒಡನೆಯೇ ಅಮೆರಿಕದ ಯುದ್ಧ ಬಂತು. ಮರ್ಥಿರ್ ಊರಿನದೇ ಆದ ಪ್ಲಿಮತ್ ಎಂಬ ಕಬ್ಬಿಣದ ಕಾರ್ಖಾನೆ ಮೊದಲೇ ಅವನ ಕೈಯಲ್ಲಿತ್ತು, 1780ರಲ್ಲಿ ಹತ್ತಿರದ ಹಿರ್ವೈನ್ ಕಾರ್ಖಾನೆಯ ಗುತ್ತಿಗೆಯೂ ಸೇರಿತು. ಅಷ್ಟರಲ್ಲಿ 1782ರ ಕಾಯ್ದೆ ಅಡ್ಡಗಾಲು ಹಾಕಿತು: ಸರ್ಕಾರಿ ಗುತ್ತಿಗೆದಾರ ಸಂಸತ್ತಿನಲ್ಲಿ ಕೂರುವಂತಿಲ್ಲ. ಬೇಕನ್ ಕುರ್ಚಿ ಇಟ್ಟುಕೊಂಡು ಫಿರಂಗಿ ಎರಕದ ಮನೆಯನ್ನು ಇನ್ನೊಬ್ಬ ಕಬ್ಬಿಣದ ಉದ್ಯಮಿ ಫ್ರಾನ್ಸಿಸ್ ಹೊಮ್‌ಫ್ರೆಗೆ ಬಿಟ್ಟುಕೊಟ್ಟ. ಆಮೇಲಿನ ಕಾಗದಗಳಲ್ಲಿ ಅವನನ್ನು ಹುಡುಕುವವರು ಅವನ ಹೆಸರನ್ನಷ್ಟೇ ನೆಚ್ಚಿಕೊಂಡರೆ ಕೆಟ್ಟರು.

1786ರ ಜನವರಿಯಲ್ಲಿ ಅವನು ಸತ್ತ. ಮದುವೆಯಿಂದ ಹುಟ್ಟಿದ್ದ ಮಗ ಎಂದೋ ತೀರಿಕೊಂಡಿದ್ದ. ಆಸ್ತಿ ಹೋದದ್ದು ಮೇರಿ ಬುಶ್‌ಬಿ ಎಂಬ ಹೆಂಗಸಿನಲ್ಲಿ ಪಡೆದ ಮಕ್ಕಳಿಗೆ. ಅವರಿನ್ನೂ ಅಪ್ರಾಪ್ತರು. ಹಾಗಾಗಿ ಚಾನ್ಸರಿ ನ್ಯಾಯಾಲಯ ನಡುವೆ ಬಂತು. ಸಂಶೋಧಕನಿಗೆ ಇದಕ್ಕಿಂತ ಒಳ್ಳೆಯದು ಬೇರಿಲ್ಲ. ವಯಸ್ಕ ಮಗನೊಬ್ಬ ಸದ್ದಿಲ್ಲದೆ ಕೀಲಿಕೈ ತೆಗೆದುಕೊಂಡಿದ್ದರೆ ಏನೂ ದಾಖಲಾಗುತ್ತಿರಲಿಲ್ಲ. ನ್ಯಾಯಾಲಯಕ್ಕೋ ಪ್ರತಿಯೊಂದಕ್ಕೂ ಬರಹ ಬೇಕು.

ಅದರ ಅನುಮತಿಯ ಮೇಲೆಯೇ ಲಂಡನ್ನಿನ ಕಬ್ಬಿಣದ ವ್ಯಾಪಾರಿ ರಿಚರ್ಡ್ ಕ್ರಾಶೇ ಕವಾರ್ತ್ವವನ್ನು ಗುತ್ತಿಗೆಗೆ ಪಡೆದ. ಪ್ಲಿಮತ್ ಕುಲುಮೆ ಬೇಕನ್‌ನ ಕಾರ್ಯಸ್ಥ ರಿಚರ್ಡ್ ಹಿಲ್ ಪಾಲಾಯಿತು. ಈ ಹಿಲ್‌ನ ಹೆಂಡತಿ ಮೇರಿ ಬುಶ್‌ಬಿಯ ಸೋದರಿ ಎಂಬುದನ್ನು ಗುತ್ತಿಗೆ ಪತ್ರ ಓದುವಾಗ ಮರೆಯಬಾರದು. ಬೇಕನ್‌ನ ಮಗ ಆಂಥೊನಿ ಪ್ರಾಯಕ್ಕೆ ಬಂದು 1794ರಲ್ಲಿ ಕವಾರ್ತ್ವದ ತನ್ನ ಹಕ್ಕನ್ನೂ ಕ್ರಾಶೇಗೆ ಮಾರಿದ. ಎಕರೆಗೆ ಆರು ಪೆನ್ಸಿನ ಆ ಕರಾರಿಗೆ ಆಗಿನ್ನೂ ಎಪ್ಪತ್ತು ವರ್ಷ ಬಾಕಿ ಇತ್ತು.