ಹಂದಿ

ಖಾನಾಪುರ ತಾಲ್ಲೂಕಿನ ಹಲಸಿಗೆ ಹೋದವರು ಭೂವರಾಹ ನರಸಿಂಹ ಗುಡಿಯಲ್ಲಿ ಎದುರುಬದುರು ಎರಡು ಗರ್ಭಗುಡಿ ನೋಡಿರುತ್ತಾರೆ. ಗೋವೆಯ ಕದಂಬರ ಕಾಲದ, 12ನೇ ಶತಮಾನದ ಕಟ್ಟಡ. ಭೂಮಿಯನ್ನೇ ಎತ್ತಿ ತಂದ ಮಹಾಹಂದಿಯ ಕಥೆ ಅಲ್ಲಿ ಕಲ್ಲಾಗಿದೆ. ದೇವರಾದಾಗ ಅದು ವರಾಹ, ಹೊಲಕ್ಕೆ ನುಗ್ಗಿದಾಗ ಬರೀ ಹಂದಿ.

ಹಂದಿಯ ಹಳಗನ್ನಡ ರೂಪ ‘ಪಂದಿ’. ತೆಲುಗರು ಇಂದಿಗೂ ಪಂದಿ ಎನ್ನುತ್ತಾರೆ, ತುಳುವರು ಪಂಜಿ. ಮಂಡ್ಯ ಜಿಲ್ಲೆಯ ಆತಕೂರಿನ 10ನೇ ಶತಮಾನದ ಶಾಸನದಲ್ಲಿ ಕಾಳಿ ಎಂಬ ಬೇಟೆನಾಯಿ ದೊಡ್ಡದೊಂದು ಪಂದಿಯೊಡನೆ ಕಾದಾಡಿತು. ಎರಡೂ ಜೊತೆಗೇ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು. ಹಂದಿಗೂ ಆ ಕಲ್ಲಿನಲ್ಲಿ ಪಾಲುಂಟು ಎಂದು ನನ್ನ ವಾದ.

ಮುಂದೆ ಕನ್ನಡದಲ್ಲಿ ಪದದ ಮೊದಲ ಪಕಾರ ಹಕಾರವಾಯಿತು: ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಂದಿ ಹಂದಿಯಾಯಿತು. ಸ್ವಾರಸ್ಯವೆಂದರೆ ಹಲಸಿಯೂ ಇದೇ ದಾರಿ ಹಿಡಿದ ಊರು. ಆದಿ ಕದಂಬರ ತಾಮ್ರಶಾಸನಗಳ ಪಲಾಶಿಕಾ, ಆಮೇಲಿನ ಪಲಸಿಗೆ, ಹಲಸಿಗೆ, ಈಗ ಹಲಸಿ. ಊರೂ ಪ್ರಾಣಿಯೂ ಒಂದೇ ಅಕ್ಷರ ಕಳೆದುಕೊಂಡು ಒಂದೇ ಅಕ್ಷರ ಪಡೆದವು.

ವರಾಹಕ್ಕೆ ಇನ್ನೊಂದು ಯೋಗವೂ ಇತ್ತು. ಚಾಲುಕ್ಯರ ಲಾಂಛನವಾಗಿ, ಕೊನೆಗೆ ಚಿನ್ನದ ನಾಣ್ಯದ ಹೆಸರೇ ಆಯಿತು.

ಹಂದಿಗೆ ಸಿಕ್ಕಿದ್ದು ಬೇರೆ. ಮೈತುಂಬ ಮುಳ್ಳಿದ್ದದ್ದು ಮುಳ್ಳುಹಂದಿ, ಚಿಪ್ಪಿದ್ದದ್ದು ಚಿಪ್ಪುಹಂದಿ. ಎರಡೂ ಹಂದಿಯ ಕುಲವಲ್ಲ. ಕಾಡಿನಲ್ಲಿ ಗುರುತು ಹತ್ತದ ವಿಚಿತ್ರ ಪ್ರಾಣಿಗಳಿಗೆ ಕನ್ನಡಿಗರು ಈ ಪದವನ್ನೇ ಕೈಗಡ ಕೊಟ್ಟರು. ಬೆಳಗಾವಿ ಪೇಟೆಯ ಮರಾಠಿ ಮಾತಿನಲ್ಲಿ ಮಾತ್ರ ಹಂದಿ ಎಂದರೆ ಡುಕ್ಕರ, ಕಾಡಿನದಾದರೆ ರಾನಡುಕ್ಕರ.